ಸಲೀಂ ಅಲಿ: ಮಂಗನ ಕಾಯಿಲೆಯ ಮೂಲ ಹುಡುಕಿ ಹಕ್ಕಿಗಳ ರಕ್ತ ತೆಗೆಸಿದವರು

ಗಾಜನೂರು: ತುಂಗಾ ಡ್ಯಾಂ ಹಿನ್ನೀರಲ್ಲಿ ಬೆಳ್ಳಕ್ಕಿ, ನೀರುಕಾಗೆ ನೋಡದವರು ನಮ್ಮಲ್ಲಿ ಯಾರೂ ಇಲ್ಲ. ಮಳೆಗಾಲ ಬಂದ್ರೆ ಇದೇ ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆಗೆ ಹಕ್ಕಿ ನೋಡೋಕೆ ಜನ ಹೋಗ್ತಾರೆ. ಆದ್ರೆ ನಮ್ಮ ಜಿಲ್ಲೆಯ ಮಂಗನ ಕಾಯಿಲೆಯನ್ನ ದೂರದೇಶದ ಹಕ್ಕಿಗಳೇ ತಂದಿರಬಹುದು ಅನ್ನೋ ಅನುಮಾನ ಒಂದು ಕಾಲದಲ್ಲಿ ಇತ್ತು. ಅದು ನಿಜವೋ ಸುಳ್ಳೋ ನೋಡೋಕೆ ಹೊರಟವರು ಡಾ. ಸಲೀಂ ಅಲಿ.

ಸಲೀಂ ಅಲಿ ಹುಟ್ಟಿದ್ದು ಮುಂಬೈಯಲ್ಲಿ, 1896ರ ನವೆಂಬರ್ 12ರಂದು. ಎಳೆ ವಯಸ್ಸಿನಲ್ಲೇ ಅಪ್ಪ, ಅಮ್ಮ ಇಬ್ಬರೂ ಹೋದರು. ಸಾಕಿದ್ದು ಸೋದರಮಾವ. ಹುಡುಗನಾಗಿದ್ದಾಗ ಏರ್‌ಗನ್‌ನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡಿತು. ಇದ್ಯಾವ ಗುಬ್ಬಿ ಅಂತ ಕೇಳೋಕೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ತೋರಿಸಿದ ಹಕ್ಕಿಗಳ ಸಂಗ್ರಹವೇ ಅವರ ದಾರಿ ಬದಲಿಸಿತು.

ಪದವಿ ಇಲ್ಲ, ಕೆಲಸವೂ ಇಲ್ಲ

ಕಾಲೇಜು ಅರ್ಧಕ್ಕೇ ಬಿಟ್ಟು ಬರ್ಮಾಕ್ಕೆ ಹೋದರು. ಅಲ್ಲಿ ಮನೆಯವರ ಗಣಿ, ಮರದ ವ್ಯಾಪಾರ ಇತ್ತು. ಅದು ಕೈ ಹಿಡಿಯಲಿಲ್ಲ. ವಾಪಸ್ ಬಂದ ಮೇಲೆ ಸರ್ಕಾರದ ಪ್ರಾಣಿಶಾಸ್ತ್ರ ಇಲಾಖೆಯಲ್ಲಿ ಪಕ್ಷಿತಜ್ಞರ ಹುದ್ದೆಗೆ ಪ್ರಯತ್ನಪಟ್ಟರು. ಡಿಗ್ರಿ ಇಲ್ಲ ಅಂತ ಅದೂ ಸಿಗಲಿಲ್ಲ. ಮುಂಬೈ ಮ್ಯೂಸಿಯಂನಲ್ಲಿ ಗೈಡ್ ಆಗಿ ದುಡಿದು, ಆಮೇಲೆ ಜರ್ಮನಿಯ ಬರ್ಲಿನ್‌ಗೆ ಹೋಗಿ ಹಕ್ಕಿಗಳ ಅಧ್ಯಯನ ಕಲಿತು ಬಂದರು.

1939ರಲ್ಲಿ ಪತ್ನಿ ತೆಹ್ಮಿನಾ ತೀರಿಕೊಂಡರು. ಆ ದುಃಖದಲ್ಲೇ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಇಳಿದರು. ಆಗ ನಮ್ಮ ಜಿಲ್ಲೆಯೂ ಆ ಸಂಸ್ಥಾನಕ್ಕೇ ಸೇರಿತ್ತು. ಒಂದೇ ಜಾತಿಯ ಹಕ್ಕಿಗೆ ಒಂದು ಸೀಮೆಯಲ್ಲಿ ರೆಕ್ಕೆ ಉದ್ದ, ಇನ್ನೊಂದು ಸೀಮೆಯಲ್ಲಿ ಗಿಡ್ಡ ಇರಬಹುದು. ಕೊಕ್ಕು, ಬಣ್ಣದಲ್ಲೂ ವ್ಯತ್ಯಾಸ ಇರುತ್ತೆ. ಇವು ತಲೆಮಾರಿನಿಂದ ತಲೆಮಾರಿಗೆ ಬರುವ ಗುಣಗಳು. ಹಾಗಾಗಿ ಇಂಥ ಸಮೀಕ್ಷೆಗಳಲ್ಲಿ ಒಂದೊಂದನ್ನೂ ಅಳೆದು ಬರೆದಿಡ್ತಾರೆ. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಗಿದ್ದೂ ಇವರು ಒತ್ತಾಯ ಮಾಡಿದ್ದರಿಂದಲೇ.

ಕ್ಯಾಸನೂರು ಕಾಡಿನ ಸುದ್ದಿ

1957ರ ಮಾರ್ಚ್‌ನಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳ್ತಿವೆ ಅನ್ನೋ ಸುದ್ದಿ ಹೊರಬಂತು. ಸುತ್ತಲ ಹಳ್ಳಿಗಳಲ್ಲಿ ಜನರೂ ಜ್ವರ ಬಂದು ಮಲಗಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮೊದಲು ಇದು ಆಫ್ರಿಕಾದ ಹಳದಿ ಜ್ವರ ಇರಬಹುದು ಅಂತ ಹೆದರಿದರು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಹೊಸ ವೈರಸ್. ಅದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್‌ಗೆ ಹತ್ತಿರದ್ದು.

ರಷ್ಯಾದ್ದು ಮಲೆನಾಡಿಗೆ ಹೇಗೆ ಬಂತು? ಚಳಿಗಾಲದಲ್ಲಿ ಸೈಬೀರಿಯಾ ಕಡೆಯಿಂದ ಬರುವ ಹಕ್ಕಿಗಳ ಮೈಮೇಲೆ ಉಣುಗು ಬಂದಿರಬಹುದಾ? ಇದನ್ನ ಪತ್ತೆ ಮಾಡೋಕೆ ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು. 1959ರಲ್ಲಿ ಸಲೀಂ ಅಲಿ ಮುಂದಾಳತ್ವದಲ್ಲಿ ಕೆಲಸ ಶುರುವಾಯ್ತು. ಆಗ ಅವರಿಗೆ 60 ದಾಟಿತ್ತು.

ಭರತಪುರ ಸೇರಿ ದೇಶದ ಬೇರೆ ಬೇರೆ ಕಡೆ ಬಲೆ ಹಾಕಿ ಹಕ್ಕಿ ಹಿಡಿದರು. ರೆಕ್ಕೆ ಅಳೆದು, ತೂಕ ಮಾಡಿ, ಮೈಮೇಲಿನ ಉಣುಗು ಹೆಕ್ಕಿ, ಚೂರು ರಕ್ತ ತೆಗೆದರು. ಕಾಲಿಗೆ ನಂಬರ್ ಇರುವ ಉಂಗುರ ಹಾಕಿ ಹಾರಿಬಿಟ್ಟರು. ಹೀಗೆ ಉಂಗುರ ತೊಟ್ಟ ಹಕ್ಕಿಗಳು ಲಕ್ಷಕ್ಕೂ ಹೆಚ್ಚು. ಕೆಲವು ಉಂಗುರ ಸೋವಿಯತ್ ನಾಡಿನಲ್ಲೂ ಸಿಕ್ಕವು.

ಮುಂದೆ ಈ ಕೆಲಸಕ್ಕೆ ಅಮೆರಿಕ ಸೇನೆಗೆ ಸೇರಿದ ಸಂಸ್ಥೆಯ ಹಣವೂ ಬಂತು. ರೋಗಾಣು ಯುದ್ಧದ ಸಂಚು ಇದು ಅಂತ ಗುಲ್ಲೆದ್ದಿತು, ಸಂಸತ್ತಿನ ಸಮಿತಿಯೂ ಪ್ರಶ್ನೆ ಎತ್ತಿತು. ಸಲೀಂ ಅಲಿ ಆ ಆರೋಪವನ್ನ ಕೊನೆತನಕ ಒಪ್ಪಲಿಲ್ಲ.

ಇಷ್ಟೆಲ್ಲ ಆದ ಮೇಲೂ ಹಕ್ಕಿಗಳೇ ಕಾಯಿಲೆ ತಂದವು ಅನ್ನೋದಕ್ಕೆ ಪುರಾವೆ ಸಿಗಲಿಲ್ಲ. ವೈರಸ್ ಇದ್ದದ್ದು ನಮ್ಮ ಕಾಡಿನ ಉಣುಗಿನಲ್ಲಿ, ಇಲಿ, ಮಂಗಗಳಲ್ಲಿ.

ಡಿಗ್ರಿ ಇಲ್ಲದ ಈ ಮನುಷ್ಯನಿಗೆ ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಟ್ಟವು. 1976ರಲ್ಲಿ ಪದ್ಮವಿಭೂಷಣ ಬಂತು, 1985ರಲ್ಲಿ ರಾಜ್ಯಸಭೆಗೆ ನಾಮಕರಣ ಆಯ್ತು. 1987ರ ಜೂನ್ 20ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಮಂಗನ ಕಾಯಿಲೆ ಮಾತ್ರ ಹೋಗಿಲ್ಲ. ಡಿಸೆಂಬರ್‌ನಿಂದ ಮೇ ತನಕ ಇದರ ಕಾಟ. ಹಳೆಯ ಲಸಿಕೆಯನ್ನ 2022ರಿಂದ ಕೊಡ್ತಿಲ್ಲ. ದರಗು ಗುಡಿಸೋಕೆ, ಸೌದೆಗೆ ಕಾಡಿಗೆ ಹೋಗೋರು ಡೆಪಾ ಎಣ್ಣೆ ಹಚ್ಚಿಕೊಂಡೇ ಹೋಗಬೇಕು. ವಾಪಸ್ ಬಂದು ಬಿಸಿನೀರಲ್ಲಿ ಸ್ನಾನ ಮಾಡಬೇಕು, ಬಟ್ಟೆ ಒಗೆಯಬೇಕು. ಸತ್ತ ಮಂಗ ಕಂಡ್ರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ಹೇಳಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದ್ರೆ ಮೆಡಿಕಲ್ ಶಾಪ್ ಮಾತ್ರೆಯಲ್ಲಿ ದಿನ ದೂಡದೆ ರಕ್ತ ಪರೀಕ್ಷೆ ಮಾಡಿಸಿ.