ಏಕಾಂಗಿ ಗಿರಿಯಾತ್ರಿ ನವೋಮಿ ಉಯೆಮುರ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ನಮ್ಮ ಹಿರಿಯರ ಗಾದೆ. ಬೆಟ್ಟವು ಹಿಮದಿಂದ ಮುಚ್ಚಿದ್ದು ಕಾಲವೂ ಮಾಗಿಯಾಗಿದ್ದರೆ ಈ ಮಾತು ಮತ್ತಷ್ಟು ನಿಜ. ಬೇಸಿಗೆಯಲ್ಲಿ ಹತ್ತಿಬಂದ ಶಿಖರವೇ ಚಳಿಗಾಲದಲ್ಲಿ ಬೇರೊಂದು ಶಿಖರವಾಗಿ ಎದುರು ನಿಲ್ಲುತ್ತದೆ. ಇದನ್ನು ಚೆನ್ನಾಗಿ ಬಲ್ಲವನಾಗಿದ್ದೂ ಅಲ್ಲಿಗೆ ಒಬ್ಬನೇ ಹೋಗಿ, ತುದಿಯನ್ನು ಮುಟ್ಟಿಯೂ ಹಿಂದಿರುಗದೆ ಹೋದವನು ಜಪಾನಿನ ನವೋಮಿ ಉಯೆಮುರ. ಅವನ ಬಾಳಿನ ಕಥೆಯನ್ನು ವಾಚಕ ಮಿತ್ರರ ಮುಂದಿಡಲು ಯತ್ನಿಸಿದ್ದೇನೆ.

ಉಯೆಮುರನು 1941ರ ಫೆಬ್ರವರಿ 12ರಂದು ಹ್ಯೋಗೋ ಪ್ರಾಂತದ ಒಂದು ಒಕ್ಕಲು ಮನೆಯಲ್ಲಿ, ಕೊನೆಯ ಮಗನಾಗಿ ಹುಟ್ಟಿದನು. 1960ರಲ್ಲಿ ಟೋಕಿಯೋ ನಗರದ ಮೇಜಿ ವಿಶ್ವವಿದ್ಯಾಲಯವನ್ನು ಸೇರಿ ಕೃಷಿ ವಿಭಾಗದಲ್ಲಿ ಓದಿದನು. ಅಲ್ಲಿಯ ಪರ್ವತಾರೋಹಣ ಸಂಘವೇ ಅವನಿಗೆ ಎರಡನೆಯ ಮನೆಯಾಯಿತು. ಗಿಡ್ಡ ಆಳು, ಮಾತು ಕಡಿಮೆ. ಗೆಳೆಯರು ಅವನಿಗೆ ಓಕ್ ಮರದ ಕಾಯಿಯ ಹೆಸರಿಟ್ಟು ಕರೆಯುತ್ತಿದ್ದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಹಿಮವನ್ನಂತೂ ಕಣ್ಣಾರೆ ಕಂಡವನಲ್ಲ. ಆದರೂ ಉಳುವವರ ಮನೆಯಿಂದ ಹೊರಟ ಈ ಹುಡುಗನ ಕಥೆ ನನ್ನ ಮನಸ್ಸನ್ನು ಬಿಗಿಯಾಗಿ ಹಿಡಿದುಕೊಂಡಿತು.

1964ರಲ್ಲಿ ಪದವಿ ಮುಗಿಯಿತು. ಕೈಯಲ್ಲಿ ಹಣವಿಲ್ಲದಿದ್ದರೂ ಹಡಗು ಹತ್ತಿ ಅಮೆರಿಕಕ್ಕೆ ಹೋದನು. ಕ್ಯಾಲಿಫೋರ್ನಿಯದ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿದನು. ಅಲ್ಲಿಂದ ಯೂರೋಪಿಗೆ ತೆರಳಿ, ಫ್ರಾನ್ಸಿನ ಒಂದು ಸ್ಕೀ ತಾಣದಲ್ಲಿ ದುಡಿದು ಬೆಟ್ಟ ಹತ್ತುವ ಖರ್ಚನ್ನು ಕೂಡಿಟ್ಟನು. ಆ ವರ್ಷವೇ ಮೌಂಟ್ ಬ್ಲಾಂಕ್ ಪರ್ವತವನ್ನು ಒಬ್ಬನೇ ಏರಹೊರಟಾಗ ಹಿಮದ ಬಿರುಕೊಂದರಲ್ಲಿ ಬಿದ್ದನು. ಹಿಮನದಿಯು ನಿಧಾನವಾಗಿ ಜಾರುತ್ತಾ ಅಲ್ಲಲ್ಲಿ ಆಳವಾಗಿ ಸೀಳುತ್ತದೆ. ಆ ಸೀಳಿನ ಬಾಯಿಗೆ ಹೊಸ ಹಿಮ ಮುಚ್ಚಳದಂತೆ ಕೂತುಬಿಟ್ಟರೆ ನೆಲ ಯಾವುದು, ಬಾವಿ ಯಾವುದು ಎಂದು ತಿಳಿಯದು. ಬೆನ್ನಿನ ಚೀಲವೂ ಬೂಟಿನ ಕಬ್ಬಿಣದ ಮುಳ್ಳುಗಳೂ ಗೋಡೆಗೆ ಸಿಕ್ಕಿಕೊಂಡದ್ದರಿಂದ ಅಂದು ಅವನ ಜೀವ ಉಳಿಯಿತು.

ಮುಂದಿನದು ಯಶಸ್ಸಿನ ಕಥೆ. 1966ರಲ್ಲಿ ಮೌಂಟ್ ಬ್ಲಾಂಕ್ ಮತ್ತು ಆಫ್ರಿಕದ ಕಿಲಿಮಂಜಾರೊ, 1968ರಲ್ಲಿ ದಕ್ಷಿಣ ಅಮೆರಿಕದ ಅಕಾಂಕಾಗುವ ಅವನಿಗೆ ಮಣಿದವು. 1970ರ ಮೇ 11ರಂದು ತೆರುವೊ ಮತ್ಸುಉರನೊಡನೆ ಎವರೆಸ್ಟ್ ಏರಿದನು. ಜಪಾನೀಯರಲ್ಲಿ ಆ ತುದಿ ಮುಟ್ಟಿದ ಮೊದಲಿಗರು ಅವರೇ. ಅದೇ ವರ್ಷದ ಆಗಸ್ಟಿನಲ್ಲಿ ಅಲಾಸ್ಕದ ಮೆಕಿನ್ಲಿ ಶಿಖರವನ್ನು ಒಬ್ಬನೇ ಹತ್ತಿದನು. ಅಲ್ಲಿಯ ಮೂಲನಿವಾಸಿಗಳು ಅದನ್ನು ಡೆನಾಲಿ ಎನ್ನುತ್ತಾರೆ. ಹೀಗೆ ಐದು ಖಂಡಗಳ ಅತ್ಯುನ್ನತ ಶಿಖರಗಳನ್ನು ಮೊಟ್ಟಮೊದಲು ಮೆಟ್ಟಿದವನೆಂಬ ಕೀರ್ತಿ ಇಪ್ಪತ್ತೊಂಬತ್ತರ ಪ್ರಾಯದಲ್ಲೇ ಅವನಿಗೆ ಬಂದಿತು.

ಜೊತೆಗಾರರ ಸಾವನ್ನೂ ಅವನು ಹತ್ತಿರದಿಂದ ಕಂಡನು. 1971ರಲ್ಲಿ ಹಲವು ದೇಶಗಳವರು ಸೇರಿ ಎವರೆಸ್ಟಿಗೆ ಹೋದ ತಂಡದಲ್ಲಿ ಉಯೆಮುರನಿದ್ದನು. ನಮ್ಮ ಸೈನ್ಯದ ಮೇಜರ್ ಹರ್ಷ ಬಹುಗುಣರೂ ಇದ್ದರು. ಏಪ್ರಿಲ್ 18ರಂದು ಬಿರುಗಾಳಿಗೆ ಸಿಕ್ಕಿದ ಬಹುಗುಣರು ಹಗ್ಗದ ಮೇಲೆಯೇ ನಿಶ್ಶಕ್ತರಾಗಿ ಪ್ರಾಣಬಿಟ್ಟರು. ಮತ್ತೆ 1980–81ರ ಚಳಿಗಾಲದಲ್ಲಿ ಉಯೆಮುರನೇ ನಾಯಕನಾಗಿ ಎವರೆಸ್ಟಿಗೆ ತಂಡ ಕಟ್ಟಿಕೊಂಡು ಹೋದನು. ಒಬ್ಬ ಸದಸ್ಯನು ತೀರಿಕೊಂಡನು; ತಂಡವು ತುದಿ ಮುಟ್ಟದೆ ಹಿಂದಿರುಗಿತು.

ಒಂಟಿಯಾಗಿ ಹೋದಾಗಲಾದರೋ ಅವನಿಗೆ ಅದೃಷ್ಟ ಒಲಿಯುತ್ತಿತ್ತು. ಗ್ರೀನ್‌ಲ್ಯಾಂಡಿನ ಇನುಯಿಟ್ ಜನರೊಡನೆ ಬಾಳಿ, ಅವರ ಊಟವುಂಡು, ನಾಯಿಬಂಡಿ ಓಡಿಸುವುದನ್ನು ಕಲಿತನು. 1974ರಲ್ಲಿ ಕಿಮಿಕೊ ಎಂಬಾಕೆಯ ಕೈಹಿಡಿದನು. 1978ರಲ್ಲಿ ನಾಯಿಬಂಡಿಯಲ್ಲಿ ಒಬ್ಬನೇ ಉತ್ತರ ಧ್ರುವವನ್ನು ಸೇರಿದನು. ಮುಂದೆ ದಕ್ಷಿಣ ಧ್ರುವ ಖಂಡದ ಯಾತ್ರೆಗೆ ಸಿದ್ಧನಾದನು. ಆದರೆ 1982ರ ಫಾಕ್‌ಲ್ಯಾಂಡ್ ಯುದ್ಧದಿಂದಾಗಿ ಅರ್ಜೆಂಟೀನದ ಸೈನ್ಯದ ನೆರವು ತಪ್ಪಿತು. ಆ ನಿರಾಶೆಯ ಬೆನ್ನಲ್ಲೇ ಮಾಗಿಯ ಮೆಕಿನ್ಲಿ ಅವನ ಮನಸ್ಸನ್ನು ಸೆಳೆಯಿತು.

ಮೆಕಿನ್ಲಿಯ ಎತ್ತರ 20,310 ಅಡಿ. ಎವರೆಸ್ಟಿಗೆ ಹೋಲಿಸಿದರೆ ಇದು ಕಿರಿದು. ಆದರೆ ಅದು ಇರುವುದು ಉತ್ತರ ಧ್ರುವವೃತ್ತದ ಸಮೀಪದಲ್ಲಿ. ಅಲ್ಲಿ ಫೆಬ್ರವರಿಯ ನಡುವಿನಲ್ಲಿಯೂ ಹಗಲು ಒಂಬತ್ತು ಗಂಟೆ ತುಂಬುವುದಿಲ್ಲ. ಶೀತವು ಸೊನ್ನೆಗಿಂತ 40 ಡಿಗ್ರಿ ಕೆಳಕ್ಕೂ ಇಳಿಯುತ್ತದೆ. ಧ್ರುವದ ಕಡೆಗೆ, ಅದರಲ್ಲೂ ಚಳಿಗಾಲದಲ್ಲಿ, ಮೇಲಿನ ವಾಯುವಿನ ಒತ್ತಡ ಕುಗ್ಗುವುದರಿಂದ ಉಸಿರಿಗೆ ಸಿಗುವ ಆಮ್ಲಜನಕ ಮತ್ತಷ್ಟು ಕಡಿಮೆ. ಗಾಳಿ ಸವರಿ ಸವರಿ ಇಳಿಜಾರುಗಳನ್ನು ಗಾಜಿನಂತಹ ಗಟ್ಟಿ ಮಂಜುಗಡ್ಡೆಯಾಗಿಸುತ್ತದೆ. 1967ರಲ್ಲಿ ಚಳಿಗಾಲದಲ್ಲಿ ಇದನ್ನು ಮೊದಲು ಗೆದ್ದ ತಂಡವು ಆರಂಭದಲ್ಲಿಯೇ ಒಬ್ಬನನ್ನು ಹಿಮಬಿರುಕಿನಲ್ಲಿ ಕಳೆದುಕೊಂಡಿತ್ತು. ತುದಿ ಮುಟ್ಟಿದ ಮೂವರು ಇಳಿಯುವಾಗ ಬಿರುಗಾಳಿಗೆ ಸಿಕ್ಕಿ, ಹಿಮದ ಗುಹೆಯಲ್ಲಿ ದಿನಗಟ್ಟಲೆ ಅಡಗಿ ಕುಳಿತು ಬದುಕಿಬಂದರು.

1984ರ ಫೆಬ್ರವರಿ ಮೊದಲಲ್ಲಿ ಉಯೆಮುರನು ಹೊರಟನು. ಹೊರೆ ಹಗುರವಾಗಲೆಂದು ಡೇರೆಯನ್ನು ಒಯ್ಯಲಿಲ್ಲ; ಹಿಮದಲ್ಲಿ ಗುಹೆ ತೋಡಿ ಮಲಗುವುದೆಂದು ನಿಶ್ಚಯಿಸಿದನು. ಮೈಗೆ ಉದ್ದನೆಯ ಬಿದಿರುಗಳನ್ನು ಕಟ್ಟಿಕೊಂಡನು. ಕಾಲಡಿಯ ಹಿಮ ಕುಸಿದರೆ ಗಳುಗಳು ಬಿರುಕಿನ ಎರಡು ಅಂಚುಗಳಿಗೆ ಅಡ್ಡಲಾಗಿ ಅವನನ್ನು ಹಿಡಿಯಬೇಕು. ಸಂಗಡಿಗನು ಹಗ್ಗದಿಂದ ಮಾಡುವ ಕೆಲಸವನ್ನು ಅವನು ಬಿದಿರಿಗೆ ಒಪ್ಪಿಸಿದನು. ಫೆಬ್ರವರಿ 12ರಂದು, ತನ್ನ ನಲವತ್ತಮೂರನೆಯ ಹುಟ್ಟುಹಬ್ಬದ ದಿನ, ಶಿಖರವನ್ನು ಮುಟ್ಟಿದನು. ಚಳಿಗಾಲದಲ್ಲಿ ಒಬ್ಬನೇ ಅಲ್ಲಿ ನಿಂತ ಮೊದಲ ಮನುಷ್ಯನು ಅವನೇ. ಮರುದಿನ, ಮೇಲೆ ಹಾರುತ್ತಿದ್ದ ವಿಮಾನದವರೊಡನೆ ರೇಡಿಯೋದಲ್ಲಿ ಮಾತನಾಡಿ ತಾನು ಇಳಿಯುತ್ತಿರುವುದಾಗಿ ತಿಳಿಸಿದನು. ಅದೇ ಕೊನೆ. ಹುಡುಕಿದವರಿಗೆ 14,000 ಅಡಿಯ ಬಳಿ ಒಂದು ಹಿಮಗುಹೆಯಲ್ಲಿ ಅವನ ದಿನಚರಿ ದೊರೆಯಿತು, ದೇಹವು ದೊರೆಯಲಿಲ್ಲ. ಜಪಾನ್ ಸರ್ಕಾರವು ಅದೇ ವರ್ಷ ಅವನಿಗೆ ಮರಣೋತ್ತರವಾಗಿ ರಾಷ್ಟ್ರೀಯ ಗೌರವವನ್ನು ಸಲ್ಲಿಸಿತು. ಕಿಮಿಕೊ ಕಾದದ್ದಕ್ಕೆ ಉಳಿದದ್ದು ಅಷ್ಟೇ.

ಅವನು ದುಡುಕಿನವನೆಂದು ಹೇಳಲು ನನಗೆ ಮನಸ್ಸೊಪ್ಪುವುದಿಲ್ಲ. ಬಿದಿರನ್ನು ಕಟ್ಟಿಕೊಂಡವನು ದುಡುಕಿನವನಾಗಲಾರ. ಆದರೆ ಒಂದು ಮಾತು ಯೋಚಿಸತಕ್ಕದ್ದು. ತಂಡದ ನಾಯಕನಾಗಿದ್ದಾಗ, ಇತರರ ಜೀವ ಕಣ್ಣ ಮುಂದಿದ್ದುದರಿಂದ, ಅವನು ಎವರೆಸ್ಟಿನಿಂದ ಹಿಂದಿರುಗಿದ್ದನು. ಮೆಕಿನ್ಲಿಯಲ್ಲಿ ಹೊರೆಯನ್ನೂ ಬಿರುಕನ್ನೂ ಲೆಕ್ಕ ಹಾಕಿದ್ದನು. ದಣಿದ ದೇಹವನ್ನು ಕಂಡು ಸಾಕು, ಇಲ್ಲಿಯೇ ನಿಲ್ಲು ಎನ್ನುವವರು ಮಾತ್ರ ಇರಲಿಲ್ಲ. ಬಿದಿರು ಬೀಳುವವನನ್ನು ಹಿಡಿದೀತು, ಎಚ್ಚರಿಸಲಾರದು. ಮನೆಗೆ ಮೊದಲಿಗರಾಗಿ ಓದಲು ಹೊರಟ ನನ್ನಂತಹವರಿಗೆ, ಮುಂದೆ ನಡೆದವರಿಲ್ಲದ ದಾರಿಯಲ್ಲಿ ಒಂಟಿತನವೇ ಹಿರಿಮೆಯೆಂದು ತೋರುವುದುಂಟು. ಉಯೆಮುರನನ್ನು ಓದಿದ ಮೇಲೆ ನನಗೆ ಹಾಗೆನಿಸುತ್ತಿಲ್ಲ.

1988ರಲ್ಲಿ ವರ್ನ್ ತೇಹಸ್ ಎಂಬವನು ಬಿದಿರಿನ ಬದಲು ಏಣಿಯೊಂದನ್ನು ಮೈಗೆ ಕಟ್ಟಿಕೊಂಡು ಅದೇ ಶಿಖರವನ್ನು ಚಳಿಗಾಲದಲ್ಲಿ ಒಬ್ಬನೇ ಹತ್ತಿದನು. ಬಿರುಗಾಳಿ ಬಂದಾಗ ಹಿಮದೊಳಗೆ ಅವಿತು, ಅದು ಹೋಗುವವರೆಗೆ ಕಾದು, ಇಳಿದು ಬಂದನು. ಮರುವರ್ಷವೇ ಅನುಭವಿಗಳಾದ ಮೂವರು ಜಪಾನೀಯರು ಅಲ್ಲಿಯೇ ಮಡಿದರು. ಆದ್ದರಿಂದ ಜೊತೆಯಿದ್ದರೆ ಸಾಕು, ಉಪಾಯವಿದ್ದರೆ ಸಾಕು ಎನ್ನುವಂತಿಲ್ಲ. ಮಾಗಿಯ ಬೆಟ್ಟದಲ್ಲಿ ತುದಿಯೆಂಬುದು ಅರ್ಧ ದಾರಿ ಮಾತ್ರ. ಉಳಿದರ್ಧಕ್ಕೆ ಬೇಕಾಗುವ ಶಕ್ತಿಯನ್ನು ಹತ್ತುವಾಗಲೇ ಎತ್ತಿಡಬೇಕು.