ಪತ್ರಮುಖೇನ ಪೋಷಣೆ: ಜಯಚಾಮರಾಜ ಒಡೆಯರ್ ಮತ್ತು ನಿಕೊಲಾಯ್ ಮೆಟ್ನರ್

ಮೈಸೂರು ಅರಮನೆಯ ಕಲಾಪೋಷಣೆಯನ್ನು ಕುರಿತ ವಿವೇಚನೆಗಳು ಬಹುಮಟ್ಟಿಗೆ ಆಸ್ಥಾನವನ್ನೇ ಕೇಂದ್ರವಾಗಿಟ್ಟುಕೊಂಡಿವೆ. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಅರಮನೆಯ ನಾಟಕ ಮಂಡಳಿ ರೂಪುಗೊಂಡಿತು. ಬಸವಪ್ಪ ಶಾಸ್ತ್ರಿಗಳು ಅದಕ್ಕಾಗಿ ಶಾಕುಂತಲವನ್ನು ಕನ್ನಡಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರು ಆಸ್ಥಾನವನ್ನು ಬೆಳಗಿದರು. ಈ ಎಲ್ಲ ಸಂದರ್ಭಗಳಲ್ಲಿ ಪೋಷಕನೂ ಕಲಾವಿದನೂ ಮುಖಾಮುಖಿಯಾಗಿದ್ದರು. ಸಂಸ್ಥಾನದ ಕೊನೆಯ ಅರಸರಾದ ಜಯಚಾಮರಾಜ ಒಡೆಯರ ಬದುಕಿನಲ್ಲಿ ಈ ಮಾದರಿ ಬದಲಾಯಿತು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಅವರೊಂದಿಗಿನ ಸಂಬಂಧವು ಪತ್ರ, ಪ್ರತಿನಿಧಿ ಮತ್ತು ಧ್ವನಿಮುದ್ರಿಕೆಗಳ ಮೂಲಕ ಬೆಳೆದದ್ದು. ಆಸ್ಥಾನದಿಂದ ಸಂಸ್ಥೆಗೆ ಪೋಷಣೆ ಸಾಗಿದ ಬಗೆಯನ್ನು ಅರಿಯಲು ಇದು ಮುಖ್ಯವಾದ ನಿದರ್ಶನ.

ಜಯಚಾಮರಾಜ ಒಡೆಯರು 1919ರ ಜುಲೈ 18ರಂದು ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ಅರಮನೆಯಲ್ಲಿ ಕರ್ನಾಟಕ ಸಂಗೀತದೊಡನೆ ಪಾಶ್ಚಾತ್ಯ ವಾದ್ಯವೃಂದವೂ ಇದ್ದುದರಿಂದ ಎರಡೂ ಸಂಗೀತ ಪದ್ಧತಿಗಳು ಬಾಲ್ಯದಿಂದಲೇ ಅವರ ಕಿವಿಗೆ ಬಿದ್ದವು. ಅವರು ಪಿಯಾನೊ ವಾದನದಲ್ಲಿ ಪರಿಶ್ರಮ ಪಡೆದರು. 1938ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪದವೀಧರರಾದರು. ಪಿಯಾನೊ ವಾದಕರಾಗಿಯೇ ಬೆಳೆಯಬೇಕೆಂಬ ಹಂಬಲ ಅವರಲ್ಲಿತ್ತು. ಆದರೆ 1940ರ ಮಾರ್ಚಿಯಲ್ಲಿ ತಂದೆಯೂ ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡರು. ಇಪ್ಪತ್ತೊಂದರ ಹರೆಯದಲ್ಲಿ ಸಿಂಹಾಸನ ಪ್ರಾಪ್ತವಾಯಿತು. ವಾದಕನಾಗುವ ದಾರಿ ಅಲ್ಲಿಗೆ ಮುಚ್ಚಿತು. ತಾವು ಆಗಲಾರದ ಸಂಗೀತಗಾರನನ್ನು ಮತ್ತೊಬ್ಬರ ಸಾಧನೆಯಲ್ಲಿ ಕಾಣುವ ಒತ್ತಾಸೆ ಅವರ ಮುಂದಿನ ಪೋಷಣೆಯ ಹಿಂದೆ ಇದ್ದಿರಬಹುದು. 1945ರ ಹೊತ್ತಿಗೆ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋಷಿಪ್ಪೂ ಅವರಿಗೆ ಸಂದಿದ್ದವು.

1880ರಲ್ಲಿ ಮಾಸ್ಕೋದಲ್ಲಿ ಜನಿಸಿದ ಮೆಟ್ನರ್ ಅವರದು ಇದಕ್ಕೆ ತದ್ವಿರುದ್ಧವಾದ ಸ್ಥಿತಿ. ಕ್ರಾಂತಿಯ ತರುವಾಯ 1921ರಲ್ಲಿ ಸ್ವದೇಶ ತೊರೆದು, ಜರ್ಮನಿ ಮತ್ತು ಫ್ರಾನ್ಸ್‌ಗಳಲ್ಲಿದ್ದು, 1930ರ ದಶಕದ ನಡುವಿನಲ್ಲಿ ಅವರು ಲಂಡನ್ ಸೇರಿದರು. ಹೊಸ ಸಂಗೀತದ ಪ್ರಯೋಗಗಳನ್ನು ಒಪ್ಪದ ಅವರ ರಚನೆಗಳಿಗೆ ಕೇಳುಗರು ವಿರಳ. ಯುದ್ಧ ಆರಂಭವಾದೊಡನೆ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ವರಮಾನವೂ ನಿಂತಿತು. 1942ರಲ್ಲಿ ಹೃದಯಾಘಾತವಾಯಿತು. ಶಿಷ್ಯೆ ಎಡ್ನಾ ಐಲ್ಸ್ ಅವರ ಆಶ್ರಯದಲ್ಲಿ ಅವರು ಮೂರನೆಯ ಪಿಯಾನೊ ಕಂಚೆರ್ಟೊವನ್ನು ಪೂರ್ಣಗೊಳಿಸಿದರು. ಅದರ ಮೊದಲ ಪ್ರದರ್ಶನ 1944ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯಿತು.

ಯುದ್ಧ ಮುಗಿದ ಬೆನ್ನಲ್ಲೇ ಮೈಸೂರಿನಿಂದ ನೆರವಿನ ಪ್ರಸ್ತಾಪ ಅವರನ್ನು ತಲುಪಿತು. ಲಂಡನ್ನಿನಲ್ಲಿ ಮೈಸೂರಿನ ವ್ಯಾಪಾರ ಪ್ರತಿನಿಧಿಯಾಗಿದ್ದ ಕ್ಯಾಪ್ಟನ್ ಬಿನ್‌ಸ್ಟೆಡ್ ಇಬ್ಬರ ನಡುವಿನ ಕೊಂಡಿಯಾದರು. ಮೆಟ್ನರ್ ಅವರ ರಚನೆಗಳನ್ನು ಅವರದೇ ವಾದನದಲ್ಲಿ ಧ್ವನಿಮುದ್ರಿಸಿ ಉಳಿಸಬೇಕೆಂಬುದು ಮಹಾರಾಜರ ಆಶಯವಾಗಿತ್ತು. ಇದರ ಫಲವಾಗಿ 1947ರಲ್ಲಿ ಫಿಲ್ಹಾರ್ಮೋನಿಯ ವಾದ್ಯವೃಂದದೊಡನೆ ಮೂರೂ ಕಂಚೆರ್ಟೊಗಳು ಮುದ್ರಣಗೊಂಡವು. ಮೆಟ್ನರ್ ಸೊಸೈಟಿಯೂ ಸ್ಥಾಪನೆಯಾಯಿತು. 1950ರಲ್ಲಿ ಎಲಿಜಬೆತ್ ಶ್ವಾರ್ಜ್‌ಕಾಫ್ ಹಾಡಿದ ಗೀತೆಗಳಿಗೆ ಮೆಟ್ನರ್ ತಾವೇ ಪಿಯಾನೊ ನುಡಿಸಿದರು. ಮೆಟ್ನರ್ ಮೂರನೆಯ ಕಂಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಕೃತಜ್ಞತಾಪೂರ್ವಕವಾಗಿ ಅರ್ಪಿಸಿದರು. ಈ ಸಂಬಂಧದ ಬಹಿರಂಗ ದಾಖಲೆಯಾಗಿ ಉಳಿದಿರುವುದು ಆ ಅರ್ಪಣೆಯೇ.

ಈ ಕಾರ್ಯದ ಇನ್ನೊಂದು ಕೊನೆಯಲ್ಲಿದ್ದವರು ವಾಲ್ಟರ್ ಲೆಗ್. ಯುದ್ಧಪೂರ್ವದಲ್ಲಿ ಲಂಡನ್ನಿನ ಕೊವೆಂಟ್ ಗಾರ್ಡನ್ ಗೀತನಾಟಕ ರಂಗಮಂದಿರದಲ್ಲಿ ಥಾಮಸ್ ಬೀಚಮ್ ಅವರ ಸಹಾಯಕರಾಗಿದ್ದ ಲೆಗ್, 1945ರಲ್ಲಿ ಫಿಲ್ಹಾರ್ಮೋನಿಯವನ್ನು ಕಟ್ಟಿದ್ದರು. 1948ರಲ್ಲಿ ಫಿಲ್ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು ಜಯಚಾಮರಾಜ ಒಡೆಯರು. ಲೆಗ್ ಮೈಸೂರಿಗೂ ಬಂದು ಅರಮನೆಯ ಧ್ವನಿಮುದ್ರಿಕೆಗಳ ಅಪಾರ ಸಂಗ್ರಹವನ್ನು ಕಂಡರು. ಮಹಾರಾಜರ ಧನಸಹಾಯದಿಂದ ಕಾರಯನ್ ನಿರ್ದೇಶನದಲ್ಲಿ ಬಾಲಕಿರೆವ್ ಮತ್ತು ರೂಸೆಲ್ ಅವರ ಸಿಂಫನಿಗಳು ಮುದ್ರಣಗೊಂಡವು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡಾಗ ಮಹಾರಾಜರು 4,800 ಡಾಲರುಗಳ ಭರವಸೆ ನೀಡಿದ್ದರು. ಆ ಪ್ರದರ್ಶನದ ಧ್ವನಿಮುದ್ರಣವನ್ನು ಮೈಸೂರಿಗೆ ತರಿಸಿಕೊಳ್ಳುವುದೂ ಅವರ ಉದ್ದೇಶವಾಗಿತ್ತು.

ಈ ಔದಾರ್ಯವನ್ನು ಅದರ ಕಾಲದಿಂದ ಬೇರ್ಪಡಿಸಿ ನೋಡುವುದು ಸಾಧುವಲ್ಲ. ಇದೇ ಅರಸರ ಆಳ್ವಿಕೆಯಲ್ಲಿ 1942ರಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರಿನ ಜನ ದಂಗೆಯೆದ್ದರು. 1943ರ ಮಾರ್ಚಿಯಲ್ಲಿ ಅಲ್ಲಿನ ಐವರನ್ನು ಗಲ್ಲಿಗೇರಿಸಲಾಯಿತು. ಮೆಟ್ನರ್ ಕಂಚೆರ್ಟೊಗಳು ಮುದ್ರಣವಾದ 1947ರಲ್ಲಿಯೇ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆಯಿತು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ದೂರದ ಸಂಗೀತಗಾರನೊಬ್ಬನ ಕಷ್ಟಕ್ಕೆ ಕಿವಿಗೊಟ್ಟ ಅರಸೊತ್ತಿಗೆ, ತನ್ನ ಪ್ರಜೆಗಳ ದನಿಗೆ ತಡವಾಗಿ ಮಣಿಯಿತು. ಈ ವೈರುಧ್ಯವನ್ನು ಮರೆಮಾಡಿದರೆ ಚರಿತ್ರೆ ಪ್ರಶಸ್ತಿಯಾಗಿಬಿಡುತ್ತದೆ. ಅದನ್ನೇ ಮುಂದಿಟ್ಟು ಪೋಷಣೆಯನ್ನು ತಳ್ಳಿಹಾಕಿದರೆ ಉಳಿದುಬಂದ ಕೃತಿಗಳಿಗೆ ಅನ್ಯಾಯವಾಗುತ್ತದೆ.

ಮೆಟ್ನರ್ ಅವರಿಗೆ ದೊರೆತ ನೆರವನ್ನು ಒಡೆಯರ ಇತರ ಕಾರ್ಯಗಳೊಡನೆ ಇಟ್ಟು ನೋಡಿದಾಗ ಒಂದು ಸಮಾನ ಸೂತ್ರ ಗೋಚರಿಸುತ್ತದೆ. ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಮೂಲಕ ಋಗ್ವೇದವೂ ಅನೇಕ ಪುರಾಣಗಳೂ ಅನುವಾದ ಸಹಿತವಾಗಿ ಕನ್ನಡ ಓದುಗರಿಗೆ ದೊರೆತವು. ಒಂದು ಪರಂಪರೆಯನ್ನು ಬಿಡಿಬಿಡಿಯಾಗಿ ಮೆಚ್ಚಿ ಸುಮ್ಮನಾಗದೆ ಇಡಿಯಾಗಿ ದಾಖಲಿಸಬೇಕೆಂಬ ಹಂಬಲ ಎರಡೂ ಕಡೆ ಒಂದೇ. ಒಂದರಲ್ಲಿ ಅಚ್ಚಿನ ಮೊಳೆ, ಇನ್ನೊಂದರಲ್ಲಿ ಗ್ರಾಮಫೋನ್ ತಟ್ಟೆ ಸಾಧನವಾಯಿತು. ಆದರೆ ಸ್ವಂತ ಸೃಷ್ಟಿಯಲ್ಲಿ ಅವರು ಪಾಶ್ಚಾತ್ಯ ಮಾರ್ಗವನ್ನು ಹಿಡಿಯಲಿಲ್ಲ. ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನೂ ವಾಸುದೇವಾಚಾರ್ಯರಲ್ಲಿ ಕೃತಿರಚನೆಯ ಮರ್ಮವನ್ನೂ ಅರಿತು, ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದರು. ಅಠಾಣ ರಾಗದ ಶ್ರೀ ಮಹಾಗಣಪತಿಂ ಭಜೇಹಂ ಇಂದಿಗೂ ಕಛೇರಿಗಳಲ್ಲಿ ಬಳಕೆಯಲ್ಲಿದೆ.

ಮೆಟ್ನರ್ 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ನಿಧನರಾದರು. ಅವರ ಕೃತಿಗಳೆಲ್ಲವನ್ನೂ ಮುದ್ರಿಸುವ ಸಂಕಲ್ಪ ಅಪೂರ್ಣವಾಗಿಯೇ ಉಳಿಯಿತು. ಅಷ್ಟರಲ್ಲಿ ಮೈಸೂರು ಸಂಸ್ಥಾನ ಭಾರತ ಗಣರಾಜ್ಯದ ಒಂದು ರಾಜ್ಯವಾಗಿ, ಅರಸರು ರಾಜಪ್ರಮುಖರಾಗಿದ್ದರು. ಮುಂದೆ ಅವರು ಮೈಸೂರು ಮತ್ತು ಮದರಾಸು ರಾಜ್ಯಗಳ ರಾಜ್ಯಪಾಲರಾಗಿ ಕಾರ್ಯನಿರ್ವಹಿಸಿದರು. 1960ರ ದಶಕದಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. ಒಬ್ಬ ಅರಸನ ಇಚ್ಛೆಯಿಂದ ನಡೆಯುತ್ತಿದ್ದ ಪೋಷಣೆ ಪ್ರಜಾಪ್ರಭುತ್ವದ ಸಂಸ್ಥೆಯ ಹೊಣೆಯಾಗಿ ಮಾರ್ಪಟ್ಟ ಕಾಲದಲ್ಲಿ, ಎರಡೂ ವ್ಯವಸ್ಥೆಗಳ ಒಳಗಿದ್ದು ದುಡಿದವರು ಅವರು. 1974ರ ಸೆಪ್ಟೆಂಬರ್ 23ರಂದು ಅವರು ಕಾಲವಾದರು. ಮೆಟ್ನರ್ ಅವರ ವಾದನ ಅನಂತರ ಸಿ.ಡಿ. ರೂಪದಲ್ಲಿ ಮತ್ತೆ ಹೊರಬಂದಿತು. ರಾಜ್ಯವೂ ರಾಜಪದವಿಯೂ ಅಳಿದ ಬಳಿಕ, ಕೇಳುಗರ ಪಾಲಿಗೆ ಉಳಿದದ್ದು ವೃದ್ಧ ಸಂಗೀತಗಾರನೊಬ್ಬ ತನ್ನ ಕೃತಿಗಳನ್ನು ತಾನೇ ನುಡಿಸಿದ ಆ ನಾದ.