ಎಲೆಯ ಸಿಪ್ಪೆಯಲ್ಲಿ ಲೆಕ್ಕ ಮಾಡಿದ ಹ್ಯೂಗೋ ಡಿ ವ್ರೀಸ್

ಕಳೆದ ರಜೆಯಲ್ಲಿ ಖಾಲಾ ಮನೆಯವರ ಜೊತೆ ಶಿವನಸಮುದ್ರದ ದರ್ಗಾಕ್ಕೆ ಹೋಗಿದ್ದೆವು. ಜಲಪಾತ ನೋಡಿ ಬರುವಾಗ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಕೊಂಡೆವು. ಸ್ವಲ್ಪ ಹೊತ್ತಿಗೆ ಪೊಟ್ಟಣದ ತಳವೆಲ್ಲ ಒದ್ದೆ. ಅಂಗಡಿಯವರು ನೀರು ಚಿಮುಕಿಸಿದ್ದಾರೆ ಎಂದು ನಾನು ಗೊಣಗಿದೆ. ಸೈನ್ಸ್ ಓದುವ ಖಾಲಾ ಮಗಳು ನಕ್ಕಳು. ಆ ನೀರು ಮಾವಿನಕಾಯಿಯದ್ದೇ, ಉಪ್ಪು ಅದನ್ನು ಹೊರಗೆ ಎಳೆದಿತ್ತು. ಇದಕ್ಕೆ ಅಭಿಸರಣೆ, ಅಂದರೆ ಆಸ್ಮೋಸಿಸ್ ಎನ್ನುತ್ತಾರಂತೆ. ಇದರ ಲೆಕ್ಕ ಹಿಡಿದವರಲ್ಲಿ ಒಬ್ಬರು ಡಿ ವ್ರೀಸ್.

ಅವರು ಹುಟ್ಟಿದ್ದು 1848ರಲ್ಲಿ, ಹಾಲೆಂಡಿನ ಹಾರ್ಲೆಮ್‌ನಲ್ಲಿ. ತಂದೆ ವಕೀಲರು, ಮುಂದೆ ದೇಶದ ಪ್ರಧಾನಿಯೂ ಆದರು. ಮಗನಿಗೆ ಗಿಡಗಳ ಹುಚ್ಚು. ಮಂಡ್ಯದಲ್ಲಿ ಕಬ್ಬಿನಿಂದ ಸಕ್ಕರೆ ತೆಗೆಯುವಂತೆ ಯೂರೋಪಿನಲ್ಲಿ ಒಂದು ಜಾತಿಯ ಬೀಟ್‌ನಿಂದ ತೆಗೆಯುತ್ತಾರೆ. ಅದರ ಬಗ್ಗೆಯೂ ಅವರು ಬರೆದಿದ್ದಾರೆ. 1877ರಿಂದ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು.

ಗಿಡದ ಜೀವಕೋಶವನ್ನು ಗಾಢ ದ್ರಾವಣದಲ್ಲಿಟ್ಟರೆ ನೀರು ಹೊರಬಂದು, ಒಳಭಾಗ ಕುಗ್ಗಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಬರೀ ನೀರಿನಲ್ಲಿ ಉಬ್ಬುತ್ತದೆ, ಆದರೆ ಗೋಡೆ ತಡೆಯುವುದರಿಂದ ಒಡೆಯುವುದಿಲ್ಲ. ನಮ್ಮ ರಕ್ತಕಣಕ್ಕೆ ಗೋಡೆಯಿಲ್ಲ, ಒಡೆದೇ ಹೋಗುತ್ತದೆ. ಆಸ್ಪತ್ರೆಯ ಸಲೈನ್ ಬಾಟಲಿಯಲ್ಲಿ ಶೇ. 0.9ರಷ್ಟು ಉಪ್ಪು ಇರುವುದು ಇದಕ್ಕೇ. ಡಿ ವ್ರೀಸ್ ನೇರಳೆ ಬಣ್ಣದ ಎಲೆಯ ಸಿಪ್ಪೆ ತೆಗೆದು ಬೇರೆ ಬೇರೆ ದ್ರಾವಣಗಳಲ್ಲಿಟ್ಟು, ಒಳಭಾಗ ಗೋಡೆ ಬಿಡಲು ಶುರುಮಾಡುವ ಹದ ಯಾವುದೆಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸಕ್ಕರೆಗೆ ಸುಮಾರು 2, ಪೊಟ್ಯಾಸಿಯಂ ನೈಟ್ರೇಟ್‌ಗೆ 3 ಎಂದು ಪ್ರತಿ ವಸ್ತುವಿನ ಶಕ್ತಿಗೆ ಅಂಕಿ ಕೊಟ್ಟು 1884ರಲ್ಲಿ ಪ್ರಕಟಿಸಿದರು. ತಕ್ಕಡಿಯಿಲ್ಲದೆ ತೂಗಿದ ಹಾಗೆ!

ಅದೇ ಊರಿನಲ್ಲಿ ವಾಂಟ್ ಹಾಫ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ಒಮ್ಮೆ ರಸ್ತೆಯಲ್ಲಿ ಸಿಕ್ಕಾಗ, ಜರ್ಮನಿಯ ಫೆಫರ್ ಅಭಿಸರಣೆಯ ಒತ್ತಡ ಅಳೆದಿರುವ ಸಂಗತಿಯನ್ನು ಡಿ ವ್ರೀಸ್ ಅವರಿಗೆ ತಿಳಿಸಿದರು. ವಾಂಟ್ ಹಾಫ್ ಅದರಿಂದ ದ್ರಾವಣಗಳ ನಿಯಮವನ್ನೇ ಕಂಡುಹಿಡಿದು, 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಪಡೆದರು. ಡಿ ವ್ರೀಸ್‌ಗೆ ನೊಬೆಲ್ ಬರಲೇ ಇಲ್ಲ.

ಇಷ್ಟು ಓದಿದಾಗ ನನಗೆ ಅವರ ಮೇಲೆ ತುಂಬಾ ಗೌರವ ಬಂತು. ಮುಂದಿನದನ್ನು ಓದಿ ಸ್ವಲ್ಪ ಬೇಸರವೂ ಆಯಿತು. ಮೆಂಡೆಲ್ 1866ರಲ್ಲಿ ಪ್ರಕಟಿಸಿದ್ದ ಅನುವಂಶೀಯತೆಯ ನಿಯಮಗಳನ್ನು ಡಿ ವ್ರೀಸ್ 1900ರಲ್ಲಿ ಮತ್ತೆ ಬೆಳಕಿಗೆ ತಂದರು. ಆದರೆ ಫ್ರೆಂಚ್‌ನಲ್ಲಿ ಅಚ್ಚಾದ ಅವರ ಚಿಕ್ಕ ಲೇಖನದಲ್ಲಿ ಮೆಂಡೆಲ್ ಹೆಸರೇ ಇರಲಿಲ್ಲ, ಜರ್ಮನ್ ಲೇಖನದಲ್ಲಿ ಮಾತ್ರ ಇತ್ತು. ಮರೆವೋ ಆಸೆಯೋ, ಜನ ಇನ್ನೂ ವಾದಿಸುತ್ತಾರೆ. ಅಕೌಂಟೆನ್ಸಿ ಓದುವ ನನಗಂತೂ ಬಿಟ್ಟುಹೋದ ಆ ಎಂಟ್ರಿ ತಲೆಯಿಂದ ಹೋಗುತ್ತಿಲ್ಲ.

ಅವರು ತೀರಿಕೊಂಡದ್ದು 1935ರಲ್ಲಿ. ರಜೆ ಮುಗಿದ ಮೇಲೆ ಗೆಳತಿಯೊಬ್ಬಳು ಲ್ಯಾಬ್‌ನಲ್ಲಿ ರೋಯೋ ಎಲೆಯ ಸಿಪ್ಪೆಗೆ ಉಪ್ಪುನೀರು ಬಿಟ್ಟು ತೋರಿಸಿದಳು. ನೇರಳೆ ಬಣ್ಣ ಮೆಲ್ಲಗೆ ಗೋಡೆ ಬಿಟ್ಟು ನಡುವೆ ಮುದುಡಿಕೊಂಡಿತು.